ಹಗ್ಗ ಬಿಡುವುದನ್ನು ಕೈಗೆ ಕಲಿಸಿದೆ

ಹಸು ನನ್ನನ್ನು ಕೆಡವಿದ ದಿನ ನಾನು ಮಾಡಿದ ದೊಡ್ಡ ತಪ್ಪು ಒಂದೇ. ನಾಯಿಯನ್ನು ಎತ್ತಿ ಎದೆಗೆ ಅವುಚಿಕೊಂಡೆ.

ಬೆಳಿಗ್ಗೆ ಏಳೂವರೆ ಇರಬೇಕು. ನಾನು, ಚಿನ್ನಿ ಇಬ್ಬರೇ. ಚಿನ್ನಿಗೆ ಆಗ ಮೂರು ವರ್ಷ. ಹನ್ನೊಂದು ಕಿಲೋ ತೂಗುವ ಕಂದು ಬಣ್ಣದ ಹೆಣ್ಣುನಾಯಿ. ನಮ್ಮ ಕಾಲುದಾರಿ ಒಂದು ಹುಲ್ಲುಗಾವಲನ್ನು ಹಾದು ಹೋಗುತ್ತಿತ್ತು. ಅದರಲ್ಲಿ ನೂರಾರು ಸಲ ನಡೆದಿದ್ದೆವು. ದನಗಳು ಅವುಗಳ ಪಾಡಿಗೆ ಮೇಯುತ್ತಿದ್ದವು, ನಾವು ನಮ್ಮ ಪಾಡಿಗೆ ಹೋಗುತ್ತಿದ್ದೆವು. ಅವತ್ತು ಒಂದು ಹಸು ಮೇಯುವುದನ್ನು ನಿಲ್ಲಿಸಿ ತಲೆ ಎತ್ತಿತು. ಕಿವಿ ಎರಡೂ ನಮ್ಮ ಕಡೆ. ನೋಡ್ತಾ ಇದೆ ಅಷ್ಟೇ ಅಂದುಕೊಂಡು ಇನ್ನೂ ಹತ್ತು ಹೆಜ್ಜೆ ಹಾಕಿದೆ. ಅಷ್ಟರಲ್ಲಿ ಅದು ನಡೆಯಲು ಶುರು ಮಾಡಿತು. ಆಮೇಲೆ ಓಡಲು.

ಬೇಲಿ ಆಚೆ ಇದ್ದ ದನಗಳ ಯಜಮಾನರು ಕೂಗಿದರು. "ನಾಯಿ ಬಿಡಮ್ಮಾ! ನಾಯಿನ ಕೆಳಗೆ ಬಿಡು!" ಕೇಳಿಸಿತು. ಆದರೆ ನನ್ನ ಕೈ ಅದಕ್ಕೆ ತದ್ವಿರುದ್ಧ ಮಾಡಿತು. ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡುಬಿಟ್ಟೆ. ಹಸುವಿನ ಹಣೆ ನೇರ ನನ್ನ ಎದೆಗೇ ಬಂದು ಬಡಿಯಿತು.

ಬಿದ್ದಾಗ ಚಿನ್ನಿ ಕೈಜಾರಿ ಬೇಲಿ ಕಡೆ ಓಡಿದಳು. ಹಸು ನನ್ನನ್ನು ಬಿಟ್ಟು ಅವಳ ಹಿಂದೆ ಹೋಯಿತು. ಚಿನ್ನಿ ತಂತಿ ಕೆಳಗೆ ನುಸುಳಿ ಆಚೆ ಹೋದ ಮೇಲೆ ಬೇಲಿಯ ಹತ್ತಿರ ಒಂದು ಸಲ ಬುಸುಗುಟ್ಟಿ ತಿರುಗಿ ಬಂತು. ನನ್ನ ಪಕ್ಕದಲ್ಲೇ ಹಾದು ಹೋಯಿತು. ನನ್ನ ಕಡೆ ತಿರುಗಿ ಕೂಡ ನೋಡಲಿಲ್ಲ. ದಾರಿಯಿಂದ ಎಂಟು ಹತ್ತು ಮಾರು ದೂರದಲ್ಲಿ ಎತ್ತರದ ಹುಲ್ಲು ಇತ್ತು. ಅಲ್ಲಿಗೆ ಹೋಗಿ ಮೆಲ್ಲಗೆ ಗುಂಯ್‌ಗುಟ್ಟಿತು. ಹುಲ್ಲಿನೊಳಗಿಂದ ಒಂದು ಕರು ಎದ್ದು ನಿಂತಿತು. ಕಾಲು ಇನ್ನೂ ನೆಟ್ಟಗಾಗಿರಲಿಲ್ಲ. ಹುಟ್ಟಿ ಎರಡು ದಿನವಾಗಿತ್ತಂತೆ.

ನನ್ನ ಎರಡು ಪಕ್ಕೆಲುಬು ಮುರಿದಿದ್ದವು. ಪಕ್ಕೆಲುಬಿಗೆ ಪ್ಲಾಸ್ಟರ್ ಹಾಕುವುದಿಲ್ಲ. ನೋವಿಗೆ ಮಾತ್ರೆ ಕೊಟ್ಟು, ದೀರ್ಘವಾಗಿ ಉಸಿರೆಳೆದು ಬಿಡುವ ವ್ಯಾಯಾಮ ಹೇಳಿ ಕಳಿಸುತ್ತಾರೆ. ಆರು ವಾರ ಕೆಮ್ಮಿದರೂ ನೋವು, ಮಗ್ಗುಲು ಬದಲಿಸಿದರೂ ನೋವು. ಆ ಆರು ವಾರ ತಲೆಯಲ್ಲಿ ಒಂದೇ ವಿಷಯ ಸುತ್ತುತ್ತಿತ್ತು. ಆ ಹಸು ಬಂದದ್ದು ನನಗಾಗಿ ಅಲ್ಲ. ಚಿನ್ನಿಗಾಗಿ. ನಾನು ಮಧ್ಯದಲ್ಲಿದ್ದೆ.

ಮಲಗಿದ್ದಲ್ಲೇ ಇದರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಓದಿದಷ್ಟೂ ಅದೇ ಕಥೆ. ಬ್ರಿಟನ್ನಿನ ಮಾಜಿ ಗೃಹ ಸಚಿವ ಡೇವಿಡ್ ಬ್ಲಂಕೆಟ್ ಅವರಿಗೆ ಕಣ್ಣು ಕಾಣುವುದಿಲ್ಲ. 2009ರ ಜೂನ್‌ನಲ್ಲಿ ಅವರು ಪೀಕ್ ಡಿಸ್ಟ್ರಿಕ್ಟ್‌ನಲ್ಲಿ ದಾರಿ ತೋರಿಸುವ ನಾಯಿಯ ಜೊತೆ ನಡೆಯುತ್ತಿದ್ದಾಗ ಹಸು ನುಗ್ಗಿ ಬಂತು. ಅವರಿಗೂ ಪಕ್ಕೆಲುಬೇ ಮುರಿದದ್ದು. ಆ ನಾಯಿ ಅದೆಷ್ಟು ಪಳಗಿದ್ದಿರಬೇಕು ಯೋಚಿಸಿ. ತನ್ನ ಯಜಮಾನರನ್ನು ಬಿಟ್ಟು ಆಚೀಚೆ ಹೋಗದ ನಾಯಿ. ಹಸುವಿಗೆ ಅದರ ತರಬೇತಿ ಕಾಣುವುದಿಲ್ಲ, ನಾಯಿ ಮಾತ್ರ ಕಾಣುತ್ತದೆ.

ಇನ್ನೊಂದು ಘಟನೆ ಓದಿ ನನಗೆ ರಾತ್ರಿ ನಿದ್ದೆ ಬರಲಿಲ್ಲ. 2014ರ ಜುಲೈನಲ್ಲಿ ಆಸ್ಟ್ರಿಯಾದ ಟಿರೋಲ್‌ನ ಸ್ಟುಬಾಯ್ ಕಣಿವೆಯಲ್ಲಿ ನಾಯಿ ಜೊತೆ ಹೋಗುತ್ತಿದ್ದ ಮಹಿಳೆಯೊಬ್ಬರು ಕರುಗಳಿದ್ದ ಹಸುಗಳ ಗುಂಪಿಗೆ ಸಿಕ್ಕಿ ಸತ್ತರು. ನಾಯಿಯ ಹಗ್ಗವನ್ನು ಅವರು ಕೊಂಡಿ ಹಾಕಿ ಸೊಂಟಕ್ಕೆ ಕಟ್ಟಿಕೊಂಡಿದ್ದರು. ಪ್ರಕರಣ ವರ್ಷಗಟ್ಟಲೆ ನಡೆಯಿತು. 2020ರಲ್ಲಿ ಆ ದೇಶದ ಸುಪ್ರೀಂ ಕೋರ್ಟ್ ಹೊಣೆಯನ್ನು ರೈತನಿಗೂ ಸತ್ತವರಿಗೂ ಅರ್ಧರ್ಧ ಹಂಚಿದ್ದನ್ನು ಎತ್ತಿಹಿಡಿಯಿತು. ನ್ಯಾಯ ಯಾರ ಕಡೆ ಅನ್ನುವುದು ಬೇರೆ ಮಾತು. ನನ್ನ ಮನಸ್ಸು ಮಾತ್ರ ಆ ಕೊಂಡಿಯ ಹತ್ತಿರವೇ ನಿಂತುಬಿಟ್ಟಿತು. ಯಾಕೆಂದರೆ ಓಡುವಾಗ ಕೈ ಖಾಲಿ ಇರಲಿ ಎಂದು ನಾನೂ ಒಂದು ಸೊಂಟದ ಪಟ್ಟಿ ತಂದಿಟ್ಟುಕೊಂಡಿದ್ದೆ. ಅದನ್ನು ಆವತ್ತೇ ಎತ್ತಿ ಎಸೆದೆ.

ಹಸು ಸಾಧು ಪ್ರಾಣಿ ಅನ್ನುತ್ತೇವೆ. ನಿಜವೇ. ಆದರೆ ಅದರ ಮೂಲ ಎಲ್ಲಿದೆ ನೋಡಿ. ಇಂದಿನ ದನಗಳೆಲ್ಲ ಆರಾಕ್ಸ್ ಎಂಬ ಕಾಡುದನದ ಸಂತತಿ. ಮನುಷ್ಯ ಅದನ್ನು ಪಳಗಿಸಲು ಶುರು ಮಾಡಿ ಸುಮಾರು 10,000 ವರ್ಷ ಆಯಿತು. ಕೊನೆಯ ಆರಾಕ್ಸ್ ಸತ್ತದ್ದು 1627ರಲ್ಲಿ, ಪೋಲೆಂಡಿನಲ್ಲಿ. ಆ ಕಾಡುದನಗಳ ಕರುಗಳನ್ನು ತಿನ್ನುತ್ತಿದ್ದದ್ದು ತೋಳ. ನಮ್ಮ ನಾಯಿಯ ಮೂಲವೂ ತೋಳವೇ. ನಾವು ಇಬ್ಬರನ್ನೂ ಮನೆಗೆ ತಂದು ಸಾಕಿದೆವು. ಅವರಿಬ್ಬರ ಹಳೇ ಲೆಕ್ಕ ಮಾತ್ರ ಇನ್ನೂ ಚುಕ್ತಾ ಆಗಿಲ್ಲ. ಅದರಲ್ಲೂ ಕರು ಹಾಕಿದ ಹೊಸತರಲ್ಲಿ.

ಎದ್ದು ಓಡಾಡುವ ಹಾಗಾದ ಮೇಲೆ ಯಜಮಾನರ ಹತ್ತಿರ ಹೋದೆ. ಅವರಿಗೆ ನನಗಿಂತ ಜಾಸ್ತಿ ನೋವಾಗಿತ್ತು. "ನಿಮ್ಮ ದನದ ಮೇಲೆ ನನಗೆ ಸಿಟ್ಟಿಲ್ಲ ಅಣ್ಣಾ, ಅದರ ಭಾಷೆ ಹೇಳಿಕೊಡಿ" ಎಂದೆ. ಅವರು ಹೇಳಿದ್ದು ಇಷ್ಟು. "ಹೇಳಿದ್ರೆ ಬರಲ್ಲಮ್ಮ. ನಾಯಿ ಮನೇಲಿ ಬಿಟ್ಟು ಬಾ. ಬೇಲಿ ಹೊರಗೆ ಕೂತು ಸುಮ್ನೆ ನೋಡು." ಹನ್ನೊಂದು ದಿನ ಕೂತೆ. ದಿನಕ್ಕೆ ಒಂದು ಗಂಟೆ. ಮೊದಲ ಮೂರು ದಿನ ಏನೂ ಕಾಣಲಿಲ್ಲ, ಬರೀ ಮೇಯುವ ದನ. ನಾಲ್ಕನೇ ದಿನದಿಂದ ಒಂದೊಂದೇ ಕಾಣತೊಡಗಿತು.

ಮೊದಲು ಕಂಡದ್ದು ಕರುಗಳನ್ನು ಬಚ್ಚಿಡುವ ರೀತಿ. ಹಸು ಕರು ಹಾಕಿದ ಮೊದಲ ಕೆಲವು ದಿನ ಕರುವನ್ನು ಜೊತೆಗೆ ಕರೆದುಕೊಂಡು ತಿರುಗುವುದಿಲ್ಲ. ಹುಲ್ಲಿನಲ್ಲೋ ಪೊದೆ ಮರೆಯಲ್ಲೋ ಮಲಗಿಸಿ ತಾನು ದೂರ ಹೋಗಿ ಮೇಯುತ್ತದೆ. ಕರು ಅಲ್ಲಾಡದೆ ಬಿದ್ದಿರುತ್ತದೆ. ಹಾಲು ಕುಡಿಸುವ ಹೊತ್ತಿಗೆ ತಾಯಿ ಬಂದು ಬಾಯಿ ಮುಚ್ಚಿಕೊಂಡೇ ಸಣ್ಣ ದನಿಯಲ್ಲಿ ಕರೆಯುತ್ತದೆ. ನಾನು ಬಿದ್ದ ದಿನ ಕೇಳಿದ ಗುಂಯ್ ಅದೇ. ಅಂದರೆ "ಹಸು ಅಷ್ಟು ದೂರ ಇದೆ, ಹತ್ತಿರ ಕರು ಕಾಣ್ತಿಲ್ಲ" ಎಂಬ ಧೈರ್ಯಕ್ಕೆ ಅರ್ಥವೇ ಇಲ್ಲ. ಕರು ನಿಮ್ಮ ಕಾಲ ಬುಡದಲ್ಲೇ ಇರಬಹುದು. ನಾಯಿಯ ಮೂಗಿಗೆ ಅದು ನಮಗಿಂತ ಮೊದಲೇ ಸಿಗುತ್ತದೆ.

ಆಮೇಲೆ ತಲೆ. ಕುತೂಹಲದ ದನ ಕುತ್ತಿಗೆ ಮುಂದಕ್ಕೆ ಚಾಚುತ್ತದೆ. ಮೂಗು ಮುಂದೆ, ತಲೆ ತಗ್ಗು. ಎರಡು ಹೆಜ್ಜೆ ಬರುತ್ತದೆ, ನಿಲ್ಲುತ್ತದೆ, ಒಂದು ಹೆಜ್ಜೆ ಹಿಂದೆ ಹೋಗುತ್ತದೆ, ಮತ್ತೆ ಬರುತ್ತದೆ. ಸಿಟ್ಟಿನ ದನ ಹಾಗಲ್ಲ. ಮೊದಲು ತಲೆಯನ್ನು ಎತ್ತರಕ್ಕೆ ಎತ್ತಿ ದುರುಗುಟ್ಟಿ ನೋಡುತ್ತದೆ. ಆಮೇಲೆ ಗಲ್ಲ ಒಳಕ್ಕೆಳೆದು ಹಣೆ ಮುಂದೆ ಮಾಡುತ್ತದೆ. ಮೂಗು ಚಾಚಿದರೆ ವಾಸನೆ ನೋಡುತ್ತಿದೆ, ಹಣೆ ಕೊಟ್ಟರೆ ಗುಮ್ಮಲು ಬರುತ್ತದೆ. ಇದೊಂದು ವ್ಯತ್ಯಾಸ ಕಣ್ಣಿಗೆ ಹತ್ತಲು ನನಗೆ ಆರು ದಿನ ಬೇಕಾಯಿತು. ಕಾಲಲ್ಲಿ ನೆಲ ಕೆರೆಯುವುದು, ಬುಸುಗುಟ್ಟುವುದು ಎಲ್ಲರಿಗೂ ಗೊತ್ತು. ಆದರೆ ಅವು ಬರುವ ಹೊತ್ತಿಗೆ ನಾವು ಆಗಲೇ ತಡ ಮಾಡಿರುತ್ತೇವೆ. ನಾನು ಕಾಯುವುದು ಅದಕ್ಕೂ ಮೊದಲಿನ ಸೂಚನೆಗೆ. ಮೇಯುವುದು ನಿಂತಿತಾ? ಒಂದಲ್ಲ, ನಾಲ್ಕೈದು ತಲೆ ಒಟ್ಟಿಗೆ ಎದ್ದವಾ? ಮಲಗಿ ಮೆಲುಕು ಹಾಕುತ್ತಿದ್ದದ್ದು ಎದ್ದು ನಿಂತಿತಾ? ಅಲ್ಲಿಗೆ ನಾನು ಹಿಂದಿರುಗುತ್ತೇನೆ.

ಗೂಳಿಯದು ಸ್ವಲ್ಪ ಬೇರೆ. ಅದು ನೇರ ಬರುವ ಮೊದಲು ಅಡ್ಡ ನಿಲ್ಲುತ್ತದೆ. ಬೆನ್ನು ಬಾಗಿಸಿ, ತಲೆ ತಗ್ಗಿಸಿ, ತನ್ನ ಪೂರ್ತಿ ಮೈಯ ಉದ್ದ ತೋರಿಸುತ್ತದೆ. ಮೈ ತಿರುಗಿಸಿ ನಿಂತಿದೆ, ನಮ್ಮ ಕಡೆ ನೋಡುತ್ತಿಲ್ಲ ಎಂದು ತಪ್ಪು ತಿಳಿಯುವವರೇ ಜಾಸ್ತಿ. ಅದು ನೋಡುತ್ತಿದೆ. ನಾನು ಎಷ್ಟು ದೊಡ್ಡವನು ನೋಡು ಅನ್ನುತ್ತಿದೆ. ಒಂಟಿ ಗೂಳಿ ಇರುವ ಹೊಲಕ್ಕೆ ನಾನು ಕಾಲಿಡುವುದೇ ಇಲ್ಲ. ಇಂಗ್ಲೆಂಡಿನಲ್ಲಿ ಇದಕ್ಕೆ 1981ರ ಕಾನೂನೇ ಇದೆ. ಸಾರ್ವಜನಿಕ ಕಾಲುದಾರಿ ಇರುವ ಹೊಲದಲ್ಲಿ ಹತ್ತು ತಿಂಗಳು ಮೀರಿದ ಹಾಲಿನ ತಳಿಯ ಗೂಳಿಯನ್ನು ಬಿಡುವಂತಿಲ್ಲ. ಬೇರೆ ತಳಿಯದಾದರೆ ಹಸು, ಕಡಸುಗಳ ಜೊತೆ ಇದ್ದಾಗ ಮಾತ್ರ ಬಿಡಬಹುದು. ಇಷ್ಟಾದರೂ ಗೂಳಿ ಅಂದರೆ ಎಲ್ಲರೂ ತಾವಾಗಿಯೇ ದೂರ ಇರುತ್ತಾರೆ. ನನಗೆ ಜಾಸ್ತಿ ಭಯ ಶಾಂತವಾಗಿ ಕಾಣುವ ತಾಯಿ ಹಸುವಿನದು. ಕೋಡು ಇಲ್ಲದಿದ್ದರೆ ಅಪಾಯವಿಲ್ಲ ಅಂದುಕೊಳ್ಳಬೇಡಿ. ನನ್ನನ್ನು ಕೆಡವಿದ ಹಸುವಿಗೆ ಕೋಡು ಇರಲಿಲ್ಲ. ಐನೂರು ಆರುನೂರು ಕಿಲೋ ಮೈ ಓಡಿ ಬಂದರೆ ಹಣೆಯೇ ಸಾಕು.

ದನದ ಕಣ್ಣು ಪಕ್ಕದಲ್ಲಿದೆ. ಅದಕ್ಕೆ ಸುತ್ತ ಸುಮಾರು 330 ಡಿಗ್ರಿ ಕಾಣುತ್ತದೆ. ಕಾಣದಿರುವುದು ಸರಿಯಾಗಿ ಬಾಲದ ಹಿಂದಿನ ಭಾಗ. ಕಿವಿ ನಮಗಿಂತ ಚುರುಕು. ನಮಗೆ 20,000 ಹರ್ಟ್ಸ್‌ವರೆಗಿನ ಸದ್ದು ಕೇಳಿದರೆ ಅದಕ್ಕೆ 35,000ವರೆಗೂ ಕೇಳುತ್ತದೆ. ಹಾಗಾಗಿ ಹಿಂದಿನಿಂದ ಸದ್ದಿಲ್ಲದೆ ಬರುವುದೂ ತಪ್ಪು, ಕೀರಲು ಶಿಳ್ಳೆ ಹಾಕುವುದೂ ತಪ್ಪು. ನಾನು ಸಾಮಾನ್ಯ ದನಿಯಲ್ಲಿ ಚಿನ್ನಿ ಜೊತೆ ಮಾತಾಡುತ್ತಲೇ ಹೋಗುತ್ತೇನೆ. ಬರುತ್ತಿದ್ದೇವೆ ಎಂದು ದನಗಳಿಗೆ ದೂರದಿಂದಲೇ ಗೊತ್ತಾಗಲಿ.

ದನಗಳ ನಡವಳಿಕೆ ಬಗ್ಗೆ ಜೀವಮಾನವಿಡೀ ಕೆಲಸ ಮಾಡಿದ ಅಮೆರಿಕದ ಟೆಂಪಲ್ ಗ್ರಾಂಡಿನ್ ಒಂದು ವಿಷಯವನ್ನು ಬಹಳ ಚೆನ್ನಾಗಿ ವಿವರಿಸಿದ್ದಾರೆ. ಪ್ರತಿ ದನದ ಸುತ್ತ ಕಣ್ಣಿಗೆ ಕಾಣದ ಒಂದು ಗೆರೆ ಇರುತ್ತದೆ. ನಾವು ಅದರ ಹೊರಗಿದ್ದರೆ ದನ ತಿರುಗಿ ನೋಡುತ್ತದೆ ಅಷ್ಟೇ. ಒಳಗೆ ಕಾಲಿಟ್ಟರೆ ಸರಿದು ಹೋಗುತ್ತದೆ. ಪಳಗಿದ ಹಾಲಿನ ಹಸುವಿಗೆ ಆ ಗೆರೆ ಮೈಗೆ ಅಂಟಿಕೊಂಡೇ ಇರುತ್ತದೆ. ಮನುಷ್ಯರನ್ನು ಅಪರೂಪಕ್ಕೆ ನೋಡುವ ದನಕ್ಕೆ ಅದು ಬಹಳ ದೂರ. ಇದನ್ನು ಬೇಲಿ ಹೊರಗೆ ಕೂತಾಗ ನಾನೇ ಕಂಡೆ. ಯಜಮಾನರು ಬಂದರೆ ಕದಲದ ಹಸು ನಾನು ಬಂದರೆ ಎದ್ದು ಹೋಗುತ್ತಿತ್ತು. ಕೊನೆಯ ಎರಡು ದಿನ ಚಿನ್ನಿಯನ್ನೂ ಕರೆದುಕೊಂಡು ಹೋದೆ. ಅದೇ ಹಸುಗಳ ಗೆರೆ ನಾಲ್ಕು ಪಟ್ಟು ಅಗಲವಾಯಿತು. ನಾಯಿ ಜೊತೆಗಿದ್ದರೆ ನಾನು ಬೇರೆಯೇ ಪ್ರಾಣಿ.

ನೋಡುವುದು ಕಲಿತ ಮೇಲೆ ಚಿನ್ನಿಗೆ ಕಲಿಸುವುದು ಶುರುವಾಯಿತು. ಅವಳಿಗೆ ದನ ಎಂದರೆ ಭಯವಾಗಿತ್ತು. ಭಯದ ನಾಯಿ ಬೊಗಳುತ್ತದೆ. ಬೊಗಳಿದರೆ ದನ ತಿರುಗುತ್ತದೆ. ಬೇಲಿಯಿಂದ ನೂರು ಹೆಜ್ಜೆ ದೂರದಲ್ಲಿ ನಿಲ್ಲುತ್ತಿದ್ದೆ. ಅವಳು ದನದ ಕಡೆ ನೋಡಿ ಮತ್ತೆ ನನ್ನ ಮುಖ ನೋಡಿದ ತಕ್ಷಣ ಒಂದು ತುಣುಕು ತಿಂಡಿ. ನೋಡಬೇಡ ಎಂದು ಒಮ್ಮೆಯೂ ಹೇಳಲಿಲ್ಲ. ನೋಡಲಿ. ನೋಡಿ ನನ್ನ ಕಡೆ ತಿರುಗಲಿ. ಅವಳು ಆರಾಮಾಗಿ ಕೂತರೆ ಮಾರನೇ ದಿನ ಐದು ಹೆಜ್ಜೆ ಹತ್ತಿರ. ಕಿವಿ ಹಿಂದೆ ಹೋಗಿ ಮೈ ಬಿಗಿಯಾದರೆ ಹತ್ತು ಹೆಜ್ಜೆ ದೂರ. ಹೀಗೆ ಸುಮಾರು ಎರಡು ತಿಂಗಳು. ಅವಸರ ಮಾಡಿದ ದಿನಗಳಲ್ಲೆಲ್ಲ ಒಂದು ವಾರ ಹಿಂದೆ ಹೋದೆವು.

ಹಗ್ಗದ ವಿಷಯಕ್ಕೆ ಬರುತ್ತೇನೆ. ನಾನು ಜಾಸ್ತಿ ಯೋಚಿಸಿದ್ದೇ ಇದರ ಬಗ್ಗೆ.

ದನ ಇರುವ ಕಡೆ ನಾಯಿ ಹಗ್ಗದಲ್ಲೇ ಇರಬೇಕು. ಇದರಲ್ಲಿ ಎರಡು ಮಾತಿಲ್ಲ. ಬಿಟ್ಟ ನಾಯಿ ದನವನ್ನು ಅಟ್ಟುತ್ತದೆ. ದನ ತಿರುಗಿ ಬಿದ್ದರೆ ನಾಯಿ ಹೆದರಿ ಓಡಿ ಬರುವುದು ಎಲ್ಲಿಗೆ? ನಮ್ಮ ಕಾಲಿನ ಹತ್ತಿರಕ್ಕೇ. ಅದರ ಹಿಂದೆ ದನ. ಇಂಗ್ಲೆಂಡಿನಲ್ಲಿ 2000ದ ಕಾನೂನಿನ ಪ್ರಕಾರ ಜನರಿಗೆ ತೆರೆದಿಟ್ಟ ಬಯಲು, ಗುಡ್ಡಗಳಲ್ಲಿ ಸಾಕುಪ್ರಾಣಿಗಳ ಹತ್ತಿರ ನಾಯಿಯ ಹಗ್ಗ ಎರಡು ಮೀಟರಿಗಿಂತ ಉದ್ದ ಇರುವಂತಿಲ್ಲ. ನನ್ನದೂ ಎರಡು ಮೀಟರೇ. ಗುಂಡಿ ಒತ್ತಿದರೆ ಉದ್ದವಾಗುವ ಡಬ್ಬಿಯ ಹಗ್ಗ ಇಲ್ಲಿ ಬೇಡವೇ ಬೇಡ. ಕೈಬಿಟ್ಟರೆ ಆ ಡಬ್ಬಿ ನಾಯಿಯ ಹಿಂದೆ ಟಕಟಕ ಬಡಿಯುತ್ತ ಹೋಗುತ್ತದೆ, ನಾಯಿ ಇನ್ನೂ ಗಾಬರಿಯಾಗುತ್ತದೆ. ತೆಳು ದಾರ ಬೆರಳಿಗೆ ಸುತ್ತಿಕೊಂಡರೆ ಚರ್ಮ ಕೀಳುತ್ತದೆ. ನಾನು ಮಾಮೂಲಿ ಅಗಲ ಪಟ್ಟಿಯ ಹಗ್ಗ ತೆಗೆದುಕೊಂಡು ಕೈಗೆ ಹಾಕುವ ಕುಣಿಕೆಯನ್ನೂ ಕತ್ತರಿಸಿ ಹಾಕಿದೆ. ಕುಣಿಕೆ ಇದ್ದರೆ ಮಣಿಕಟ್ಟಿಗೆ ಹಾಕಿಕೊಳ್ಳುವ ಆಸೆ ಬರುತ್ತದೆ. ನಾಯಿ ಓಡುವಾಗ ಗೂಟಕ್ಕೋ ಪೊದೆಗೋ ಸಿಕ್ಕಿಕೊಳ್ಳುತ್ತದೆ.

ಹಾಗಾದರೆ ಬಿಡುವುದು ಯಾವಾಗ? ಹಸು ನಿಜವಾಗಿ ನುಗ್ಗಿ ಬರುತ್ತಿದೆ, ಬೇಲಿ ಮುಟ್ಟಲು ಹೊತ್ತಿಲ್ಲ ಅನ್ನಿಸಿದ ಆ ಕ್ಷಣದಲ್ಲಿ ಮಾತ್ರ. ಆಗ ಬಿಡಲೇಬೇಕು. ನಾಯಿ ಹಸುವಿಗಿಂತ ಚುರುಕಾಗಿ ತಿರುಗುತ್ತದೆ, ಸಣ್ಣ ಸಂದಿಯಲ್ಲಿ ನುಸುಳುತ್ತದೆ, ತನ್ನ ಜೀವ ಉಳಿಸಿಕೊಳ್ಳುತ್ತದೆ. ನಮಗೆ ಅದು ಆಗದು. ಹಗ್ಗ ಹಿಡಿದೇ ನಿಂತರೆ ನಾಯಿಗೂ ಓಡಲಾಗದು, ನಮಗೂ ಉಳಿಗಾಲವಿಲ್ಲ.

ಇದು ತಲೆಗೆ ಗೊತ್ತಾದರೆ ಸಾಲದು. ನನ್ನ ತಲೆಗೆ ಅವತ್ತೂ ಯಜಮಾನರ ಮಾತು ಕೇಳಿಸಿತ್ತಲ್ಲ. ಕೈ ಕೇಳಲಿಲ್ಲ. ಗಾಬರಿಯಾದಾಗ ಕೈ ಬಿಗಿಯುತ್ತದೆ, ಅದು ಅದರ ಹುಟ್ಟುಗುಣ. ಪ್ರೀತಿಸುವ ಜೀವ ಆ ಹಗ್ಗದ ತುದಿಯಲ್ಲಿದ್ದರೆ ಇನ್ನೂ ಬಿಗಿಯುತ್ತದೆ. ಹಾಗಾಗಿ ಕೈಗೆ ಬೇರೆಯಾಗಿಯೇ ಕಲಿಸಬೇಕಾಯಿತು. ಮನೆಯ ಹಿತ್ತಲಿನಲ್ಲಿ ಚಿನ್ನಿಯನ್ನು ಹಿಡಿದು ನಡೆಯುತ್ತಿದ್ದೆ. ಮಗ ಹಿಂದೆಲ್ಲೋ ನಿಂತು ಯಾವಾಗಲೋ ಒಂದು ಸಲ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದ. ತಟ್ಟಿದ ತಕ್ಷಣ ಬೆರಳು ಬಿಚ್ಚಬೇಕು. ಮೊದಲ ವಾರ ಪ್ರತಿ ಸಲವೂ ಮುಷ್ಟಿ ಬಿಗಿಯಿತು. ದಿನಕ್ಕೆ ಹತ್ತು ಸಲ ಮಾಡಿದೆವು. ಒಂದು ತಿಂಗಳಾದ ಮೇಲೆ ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದಿಗೆ ಕೈಯಲ್ಲಿದ್ದ ಬಟ್ಟೆ ತಾನಾಗಿ ಜಾರಿ ಬಿತ್ತು. ಅವತ್ತು ನನಗೆ ಸಮಾಧಾನವಾಯಿತು.

ಚಿನ್ನಿಯ ಪಾಲಿನ ಪಾಠ ಇನ್ನೂ ಮುಖ್ಯ. ಬಿಟ್ಟ ನಾಯಿ ನನ್ನ ಹತ್ತಿರವೇ ಸುತ್ತಿದರೆ ಬಿಟ್ಟು ಏನು ಬಂತು? ಹಗ್ಗ ನೆಲಕ್ಕೆ ಬಿದ್ದರೆ, ನಾನು "ಗೇಟು!" ಅಂದರೆ, ನಾವು ಒಳಗೆ ಬಂದ ದಾರಿಗೇ ತಿರುಗಿ ಓಡಬೇಕು. ಇದನ್ನು ದನ ಇಲ್ಲದ ಖಾಲಿ ಹೊಲದಲ್ಲಿ ಕಲಿಸಿದೆವು. ಮಗ ಗೇಟಿನ ಹತ್ತಿರ ಅವಳ ಮೆಚ್ಚಿನ ತಿಂಡಿ ಹಿಡಿದು ನಿಲ್ಲುತ್ತಿದ್ದ. ನಾನು ಹತ್ತು ಹೆಜ್ಜೆ ಒಳಗೆ ಹೋಗಿ ಹಗ್ಗ ಬಿಟ್ಟು "ಗೇಟು!" ಅನ್ನುತ್ತಿದ್ದೆ. ಆಮೇಲೆ ಐವತ್ತು ಹೆಜ್ಜೆ. ಆಮೇಲೆ ಮಗ ಇಲ್ಲ, ಗೇಟಿನ ಬುಡದಲ್ಲಿ ಒಂದು ಹಳೇ ಚಾಪೆ ತುಂಡು, ಅದರ ಮೇಲೆ ತಿಂಡಿ. ಕೊನೆಗೆ ಚಾಪೆಯೂ ಇಲ್ಲ. ಬೇರೆ ಬೇರೆ ಹೊಲ, ಬೇರೆ ಬೇರೆ ಗೇಟು. ಇವತ್ತಿಗೂ ವಾರಕ್ಕೊಮ್ಮೆ ಇದನ್ನು ಮಾಡುತ್ತೇವೆ. ಅವಳಿಗೆ ಅದು ಆಟ. ಆಟವಾಗಿಯೇ ಇರಲಿ.

ಈಗ ನಾನು ಹೊಲಕ್ಕೆ ಕಾಲಿಡುವ ಮೊದಲು ಗೇಟಿನಲ್ಲಿ ಎರಡು ನಿಮಿಷ ನಿಲ್ಲುತ್ತೇನೆ. ದನ ಎಣಿಸುತ್ತೇನೆ. ಕರು ಇದೆಯಾ? ಕರು ಇಲ್ಲ, ಆದರೆ ಕೆಚ್ಚಲು ತುಂಬಿದ ಹಸು ಗುಂಪು ಬಿಟ್ಟು ಒಂದೇ ನಿಂತಿದೆಯಾ? ಹಾಗಿದ್ದರೆ ಕರು ಎಲ್ಲೋ ಮಲಗಿದೆ. ಒಳಗೆ ಹೋಗುವುದಿಲ್ಲ. ಸುತ್ತು ದಾರಿ ಅರ್ಧ ಗಂಟೆ ಜಾಸ್ತಿ ಆದರೂ ಅದೇ ಸರಿ. ಕರು ಇಲ್ಲದಿದ್ದರೆ ಹೊಲದ ನಡುವೆ ಅಲ್ಲ, ಅಂಚಿನಲ್ಲಿ ಹೋಗುತ್ತೇನೆ. ಯಾವ ಕಡೆ ನುಸುಳಬಹುದು, ಯಾವ ಕಡೆ ಹತ್ತಬಹುದು ಎಂದು ಕಣ್ಣಿನಲ್ಲೇ ಗುರುತು ಮಾಡಿಕೊಳ್ಳುತ್ತೇನೆ. ಗುಂಪಿನ ನಡುವೆ ನುಗ್ಗುವುದಿಲ್ಲ. ದನ ಮತ್ತು ನೀರಿನ ತೊಟ್ಟಿಯ ನಡುವೆಯೂ ಬರುವುದಿಲ್ಲ. ಚಿನ್ನಿ ದನ ಇಲ್ಲದ ಮಗ್ಗುಲಿಗೆ, ನಾನು ಮಧ್ಯ. ಕೈಯಲ್ಲಿ ಒಂದು ಕೋಲು. ಹೊಡೆಯಲು ಅಲ್ಲ, ಕೈ ಉದ್ದವಾಗಿ ಕಾಣಲು. ಕಿವಿಗೆ ಇಯರ್‌ಫೋನ್ ಹಾಕುವುದಿಲ್ಲ.

ಎಳೇ ಹೋರಿಗಳು, ಕಡಸುಗಳ ವಿಷಯ ಬೇರೆ. ಅವು ಸಿಟ್ಟಿನಿಂದ ಬರುವುದಲ್ಲ, ನೋಡಲು ಬರುತ್ತವೆ. ಒಮ್ಮೆ ಹದಿನಾಲ್ಕು ಕಡಸುಗಳು ನಮ್ಮ ಹಿಂದೆ ಬಂದವು. ನಾನು ನಡಿಗೆ ಚುರುಕು ಮಾಡಿದೆ, ಅವು ಓಡತೊಡಗಿದವು. ಓಡುವುದನ್ನು ಅಟ್ಟುವುದು ಅವಕ್ಕೆ ಆಟ. ನಿಂತೆ. ತಿರುಗಿ ಎದುರಾಗಿ ಎರಡೂ ಕೈ ಅಗಲಿಸಿ, ಗಟ್ಟಿಯಾಗಿ, ಕಿರುಚದೆ "ಹೋಯ್, ನಿಲ್ಲು" ಎಂದೆ. ಎಲ್ಲ ಒಟ್ಟಿಗೆ ನಿಂತವು. ನಾಲ್ಕು ಹೆಜ್ಜೆ ನಡೆದು ಮತ್ತೆ ತಿರುಗಿ ನಿಂತೆ. ಹೀಗೆ ನಿಂತು ನಡೆದು ನಿಂತು ನಡೆದು ಗೇಟು ಮುಟ್ಟಿದೆವು. ಅವತ್ತು ಹಗ್ಗ ಬಿಡಲಿಲ್ಲ. ಬಿಟ್ಟಿದ್ದರೆ ಕಡಸುಗಳೆಲ್ಲ ಚಿನ್ನಿ ಹಿಂದೆ ದೌಡಾಯಿಸುತ್ತಿದ್ದವು. ಎಲ್ಲ ಓಟವೂ ನುಗ್ಗಾಟವಲ್ಲ. ಬೇಲಿ ಹೊರಗೆ ಕಳೆದ ಹನ್ನೊಂದು ದಿನ ನನಗೆ ಕೆಲಸಕ್ಕೆ ಬಂದದ್ದು ಅಲ್ಲೇ.

ಕೆಳಗೆ ಬಿದ್ದರೆ? ತಲೆಯನ್ನು ಎರಡೂ ತೋಳಲ್ಲಿ ಮುಚ್ಚಿ, ಮುದುರಿಕೊಂಡು, ಬೇಲಿಯ ಕಡೆ ಉರುಳಬೇಕು. ಎದ್ದ ಮೇಲೆ ಏನೂ ಆಗಿಲ್ಲ ಅನ್ನಿಸಿದರೂ ವೈದ್ಯರಿಗೆ ತೋರಿಸಿ. ಎದೆ, ಹೊಟ್ಟೆಗೆ ಬಿದ್ದ ಪೆಟ್ಟು ಒಳಗೊಳಗೇ ಕೆಲಸ ಮಾಡುತ್ತದೆ. ನಾನು ಎದ್ದು ಮನೆವರೆಗೆ ನಡೆದೇ ಹೋಗಿದ್ದೆ. ಮೂಳೆ ಮುರಿದದ್ದು ಗೊತ್ತಾದದ್ದು ಮಧ್ಯಾಹ್ನ.

ದನಗಳ ಕ್ಷೇಮದ ಬಗ್ಗೆಯೂ ಹೇಳಬೇಕು. ನಾಯಿಯ ಮಲದಿಂದ ದನಕ್ಕೆ ನಿಯೋಸ್ಪೊರಾ ಎಂಬ ರೋಗಾಣು ಹರಡುತ್ತದೆ. 1984ರಲ್ಲಿ ನಾರ್ವೆಯ ನಾಯಿಗಳಲ್ಲಿ ಅದನ್ನು ಮೊದಲು ಕಂಡರು. ಅದಕ್ಕೆ ಹೆಸರು ಬಂದದ್ದು 1988ರಲ್ಲಿ. ಹುಲ್ಲಿನ ಜೊತೆ ಅದು ಹೊಟ್ಟೆಗೆ ಹೋದರೆ ಗಬ್ಬದ ಹಸು ಕಂದು ಹಾಕಬಹುದು. ನಾಯಿಗೆ ಅದು ಹಸುವಿನ ಮಾಸು ತಿನ್ನುವುದರಿಂದ ಬರಬಹುದು. ಅದಕ್ಕೇ ನಾನು ಚಿನ್ನಿಯದನ್ನು ಚೀಲದಲ್ಲಿ ಎತ್ತಿಕೊಂಡೇ ಬರುತ್ತೇನೆ, ಹೊಲದಲ್ಲಿ ಬಿದ್ದದ್ದಕ್ಕೆ ಅವಳು ಬಾಯಿ ಹಾಕಲು ಬಿಡುವುದಿಲ್ಲ. ಸಗಣಿಗೂ ಬಾಯಿ ಹಾಕಲು ಬಿಡಬೇಡಿ. ದನಕ್ಕೆ ಕೊಟ್ಟ ಜಂತುಹುಳದ ಔಷಧ ಅದರಲ್ಲಿ ಉಳಿದಿರಬಹುದು. ಕಾಲಿ (Collie) ಎಂಬ ಕುರಿ ಕಾಯುವ ಜಾತಿಯ ಹಲವು ನಾಯಿಗಳಿಗೆ ಅಂಥ ಔಷಧಗಳಲ್ಲಿ ಒಂದಾದ ಐವರ್‌ಮೆಕ್ಟಿನ್ ವಿಷವಾಗುತ್ತದೆ. ಕಾರಣವಾದ ಜೀನ್ 2001ರಲ್ಲಿ ಪತ್ತೆಯಾಗಿದೆ.

ಬಿದ್ದ ಎರಡು ವರ್ಷದ ಮೇಲೆ ಇನ್ನೊಂದು ಸಂಜೆ. ಅದೇ ಯಜಮಾನರ ಬೇರೆ ಹೊಲ. ಎರಡು ನಿಮಿಷ ನಿಂತು ಎಣಿಸಿದೆ. ಒಂಬತ್ತು ಹಸು, ಎಲ್ಲವೂ ಗುಂಪಿನಲ್ಲಿ, ಎಲ್ಲವೂ ಮೇಯುತ್ತಿದ್ದವು. ಕರು ಇಲ್ಲ. ಅಂಚು ಹಿಡಿದು ಹೊರಟೆವು. ಮೂಲೆಯಲ್ಲಿ ಒಂದು ಪೊದೆ ಇತ್ತು. ಅದರ ಹಿಂದೆ ಹತ್ತನೆಯ ಹಸು ಇತ್ತು. ತಲೆ ಎತ್ತಿತು. ನಾನು ಹಿಂದೆ ಸರಿದೆ, ಒಂದು, ಎರಡು, ಮೂರು ಹೆಜ್ಜೆ. ಅದು ಗಲ್ಲ ಎಳೆದುಕೊಂಡಿತು. ಬೇಲಿ ಇನ್ನೂ ಇಪ್ಪತ್ತು ಹೆಜ್ಜೆ ದೂರ. ಹಸು ಹೊರಟಿತು.

ಕೈ ಬಿಚ್ಚಿತ್ತು. "ಗೇಟು!" ಎಂದು ಬಾಯಿ ಹೇಳಿತ್ತು. ಯಾವುದು ಮೊದಲು ಆಯಿತೋ ಗೊತ್ತಿಲ್ಲ. ಚಿನ್ನಿ ತಿರುಗಿ ಬಾಣದ ಹಾಗೆ ಹೋದಳು, ಹಗ್ಗ ಹುಲ್ಲಿನ ಮೇಲೆ ಹಾವಿನಂತೆ ಹಿಂದೆ ಹರಿಯಿತು. ಹಸು ನನ್ನಿಂದ ಎರಡು ಮಾರು ಆಚೆ ದಾರಿ ಬದಲಿಸಿ ಅವಳ ಹಿಂದೆ ಓಡಿತು. ಸ್ವಲ್ಪ ದೂರ ಹೋಗಿ ನಿಂತಿತು. ಚಿನ್ನಿ ಆಗಲೇ ಗೇಟಿನ ಕೆಳಗೆ ನುಸುಳಿದ್ದಳು. ಹಸು ತಿರುಗಿ ನನ್ನನ್ನು ನೋಡಿತು. ನಾನು ಓಡಲಿಲ್ಲ. ಬೆನ್ನು ತೋರಿಸಲಿಲ್ಲ. ಕೋಲನ್ನು ಕೆಳಗೆ ಅಡ್ಡ ಹಿಡಿದು, ಓರೆಯಾಗಿ ನಿಂತು, "ಆಯ್ತಮ್ಮ, ಹೋಗ್ತೀನಿ, ಹೋಗ್ತೀನಿ" ಅನ್ನುತ್ತ ಒಂದೊಂದೇ ಹೆಜ್ಜೆ ಬೇಲಿ ಕಡೆ ಸರಿದೆ. ನಾನೊಬ್ಬಳೇ ಆದಾಗ ಅದಕ್ಕೆ ನನ್ನ ಮೇಲೆ ಆಸಕ್ತಿಯೇ ಉಳಿಯಲಿಲ್ಲ. ಪೊದೆ ಹಿಂದಕ್ಕೆ ಹೋಗಿಬಿಟ್ಟಿತು.

ಬೇಲಿ ದಾಟಿ ಸುತ್ತು ಹಾಕಿ ಗೇಟಿಗೆ ಬಂದೆ. ಚಿನ್ನಿ ಅಲ್ಲೇ ಕೂತಿದ್ದಳು, ತಿಂಡಿ ಎಲ್ಲಿ ಎಂದು ನನ್ನ ಜೇಬು ನೋಡುತ್ತಿದ್ದಳು. ಜೇಬಿನಲ್ಲಿದ್ದದ್ದನ್ನೆಲ್ಲ ಅವಳ ಮುಂದೆ ಸುರಿದೆ. ಆಗ ಕೈ ನಡುಗಲು ಶುರುವಾಯಿತು.

ಯಜಮಾನರಿಗೆ ಫೋನ್ ಮಾಡಿದೆ. "ಅಣ್ಣಾ, ಮೂಲೆ ಪೊದೆ ಹಿಂದೆ ಒಂದು ಹಸು ಇದೆ. ಕರು ಹಾಕಿದೆ ಅನ್ಸುತ್ತೆ." ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅದಕ್ಕಿನ್ನೂ ಒಂದು ವಾರ ಇತ್ತಲ್ಲಮ್ಮ" ಎಂದರು. ಆಮೇಲೆ ಟಾರ್ಚ್ ತಗೊಂಡು ಬರುತ್ತೇನೆ, ಅಲ್ಲೇ ಗೇಟಿನಲ್ಲಿ ಇರು ಎಂದರು. ಕತ್ತಲಾಗುವವರೆಗೆ ಚಿನ್ನಿಯನ್ನು ಮಗ್ಗುಲಲ್ಲಿ ಕೂರಿಸಿಕೊಂಡು ಕಾದೆ. ಅವರು ಬಂದು ಒಬ್ಬರೇ ಒಳಗೆ ಹೋದರು. ಸ್ವಲ್ಪ ಹೊತ್ತಿನ ಮೇಲೆ ಪೊದೆ ಕಡೆಯಿಂದ ಅವರ ದನಿ ಕೇಳಿಸಿತು. "ಹೆಣ್ಣುಗರು ಕಣಮ್ಮ. ಇನ್ನೂ ಮೈ ಒದ್ದೆ ಇದೆ."